ಹದಿನಾಲ್ಕನೇ ನಂಬರು ಹಾಜರ್

“ಪುಸ್ತಕದಲ್ಲಿ ಇಪ್ಪತ್ತು ಹೆಸರು. ಇಲ್ಲಿ ಹತ್ತೊಂಬತ್ತು ತಲೆ. ಇನ್ನೊಂದು ಎಲ್ಲಿ, ಟೀಚರ್?”

ತಪಾಸಣೆಯ ಅಧಿಕಾರಿ ಹೇಳದೆ ಕೇಳದೆ ಬಂದಿದ್ದರು. ಮಕ್ಕಳು ಚೀಲ ಇಳಿಸುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದರು. ಹಾಜರಿ ಪುಸ್ತಕ ಈಗ ಅವರ ಕೈಯಲ್ಲಿತ್ತು. ಟೀಚರಮ್ಮನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು.

“ಹದಿನಾಲ್ಕನೇ ನಂಬರು ಬಂದಿಲ್ಲ ಸಾರ್. ಇವತ್ತೊಂದು ದಿನ.”

ಇವತ್ತೊಂದು ದಿನವಂತೆ! ಆ ಹುಡುಗಿ ಶಾಲೆಯ ಮುಖ ನೋಡಿ ಎರಡು ತಿಂಗಳಾಗಿತ್ತು.

ಟೀಚರಮ್ಮ ಕೆಟ್ಟವಳಲ್ಲ. ಒಂದೇ ಕೋಣೆಯ ಆ ಶಾಲೆಯನ್ನು ಹದಿನೆಂಟು ವರ್ಷ ಒಬ್ಬಳೇ ನಡೆಸಿದವಳು. ಮನೆಯಲ್ಲಿ ಅವಳಿಗಾಗಿ ಕಾಯುವವರು ಯಾರೂ ಇರಲಿಲ್ಲ. ಆದರೆ ಸುತ್ತೋಲೆಗೆ ಕರುಣೆ ಎಲ್ಲಿಂದ ಬರಬೇಕು? ತಪ್ಪದೆ ಬರುವ ಮಕ್ಕಳು ಇಪ್ಪತ್ತಕ್ಕಿಂತ ಕಡಿಮೆಯಾದರೆ ಶಾಲೆಗೆ ಬೀಗ. ಮಕ್ಕಳು ಹೆದ್ದಾರಿ ದಾಟಿ ದೊಡ್ಡ ಶಾಲೆಗೆ ಹೋಗಬೇಕು, ಟೀಚರಮ್ಮ ಎತ್ತಿ ಹಾಕಿದ ಕಡೆಗೆ ಹೋಗಬೇಕು. ಅವಳ ಬಳಿ ಇದ್ದದ್ದು ಸರಿಯಾಗಿ ಇಪ್ಪತ್ತು.

ಹದಿನಾಲ್ಕನೇ ನಂಬರನ್ನು ಎಲ್ಲರೂ ಕರೆಯುತ್ತಿದ್ದದ್ದು ಗಿರಗಿಟ್ಲೆ ಎಂದು. ಕೂತಲ್ಲಿ ಕೂರುವ ಪೈಕಿಯಲ್ಲ. ಅಪ್ಪ ಅಮ್ಮ ಇಲ್ಲ. ರಸ್ತೆ ಮುಗಿಯುವಲ್ಲಿರುವ ಒಂಟಿ ಮನೆಯಲ್ಲಿ ಚಿಕ್ಕಪ್ಪನ ಜೊತೆ ಇದ್ದಳು. ಅಪ್ಪ ಸಾಯುವ ಮೊದಲು ಮನೆಯನ್ನು ಅವಳ ಹೆಸರಿಗೇ ಬರೆದಿದ್ದ. “ಮನೆ ಯಜಮಾನಿ ಅವಳು, ನಾನು ಕಾವಲಿಗೆ ಇರೋನು” ಎಂದು ಚಿಕ್ಕಪ್ಪ ನಗುತ್ತಿದ್ದ. ಬಡಗಿ. ಶಾಲೆಯ ಬೆಂಚುಗಳ ಮುರಿದ ಕಾಲುಗಳನ್ನೆಲ್ಲ ಪುಕ್ಕಟೆ ಕೂಡಿಸಿಕೊಟ್ಟವನು. ಇಂಥವರಿಂದಲೇ ಮಳೆ ಬೆಳೆ ಎಂದು ಟೀಚರಮ್ಮ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ಎರಡು ತಿಂಗಳ ಹಿಂದೆ ಅವನೇ ಬಂದಿದ್ದ. “ಮಗೂನ ನಮ್ಮ ಅಕ್ಕನ ಊರಿಗೆ ಕಳಿಸಿದೀನಿ ಟೀಚರ್. ಹೆಸರು ತೆಗೆದುಬಿಡಿ.”

ಟೀಚರಮ್ಮನಿಗೆ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು. “ಅಯ್ಯೋ, ಹಾಗನ್ನಬೇಡಿ! ವರ್ಷ ಮುಗಿಯೋವರೆಗೆ ಹೆಸರು ಇರಲಿ. ಹಾಜರಿ ನಾನು ನೋಡ್ಕೋತೀನಿ.”

ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತ. “ದಿನಾ ಹಾಕ್ತೀರಾ?”

“ದಿನಾ.”

“ಯಾರಾದ್ರೂ ಕೇಳಿದ್ರೆ?”

“ಬರ್ತಾಳೆ ಅಂತೀನಿ. ನನ್ನಾಣೆ.”

“ಸರಿ ಬಿಡಿ. ನಿಮ್ಮ ಮಾತು ಮೀರೋಕಾಗುತ್ತಾ?”

ಅಂದಿನಿಂದ ಹದಿನಾಲ್ಕರ ಮುಂದೆ ದಿನಾ ಹಾಜರಿಯ ಕೆಂಪು ಗೀಟು ಬಿತ್ತು. ಮೊದಲ ದಿನ ಮುಂದಿನ ಬೆಂಚಿನ ಪುಟಾಣಿಯೊಬ್ಬಳು “ಅವಳು ಬಂದೇ ಇಲ್ಲ ಟೀಚರ್” ಎಂದು ಎದ್ದು ನಿಂತಳು. ಗೆಣ್ಣಿನ ಮೇಲೆ ಅಡಿಪಟ್ಟಿಯಿಂದ ಎರಡು ಬಿತ್ತು. ಆಮೇಲೆ ಯಾರೂ ಕೇಳಲಿಲ್ಲ. ಹದಿನಾಲ್ಕು ಎಂದು ಕರೆದಾಗ ಒಬ್ಬೊಬ್ಬರು ಒಂದೊಂದು ದಿನ “ಹಾಜರ್!” ಎನ್ನುವುದು ರೂಢಿಯಾಯಿತು. ಮಕ್ಕಳಿಗೆ ಅದೇ ಒಂದು ಆಟ. “ಇವತ್ತು ಗಿರಗಿಟ್ಲೆ ನಾನು ಕಣೇ” ಎಂದು ಸರದಿಗಾಗಿ ಜಗಳವಾಡುತ್ತಿದ್ದವು.

ಅಧಿಕಾರಿ ಪುಟ ತಿರುವಿದರು. “ಎರಡು ತಿಂಗಳಲ್ಲಿ ಒಂದು ದಿನವೂ ತಪ್ಪಿಸದ ಮಗು ನಾನು ಬಂದ ದಿನವೇ ತಪ್ಪಿಸಿತಾ?” ಅವರು ಮುಂದಿನ ಬೆಂಚಿಗೆ ಬಗ್ಗಿದರು. ಅದೇ ಪುಟಾಣಿ. “ನಿನ್ನೆ ಬಂದಿದ್ಲೇನಮ್ಮಾ ಅವಳು?”

ಪುಟಾಣಿ ಒಮ್ಮೆ ಅಡಿಪಟ್ಟಿಯನ್ನು ನೋಡಿದಳು. “ಹೂಂ ಸಾರ್. ದಿನಾ ಬರ್ತಾಳೆ. ನಿನ್ನೆ ನನ್ನ ಪಕ್ಕಾನೇ ಕೂತಿದ್ಲು.”

ಭೇಷ್ ಎಂದುಕೊಂಡಳು ಟೀಚರಮ್ಮ. ಅಧಿಕಾರಿ ಮಾತ್ರ ಬಗ್ಗಲಿಲ್ಲ. “ಮಕ್ಕಳ ಮಾತು ಬೇಡ. ಮನೆ ತೋರಿಸಿ, ಹೋಗೋಣ.”

ಮುಗಿಯಿತು ಕಥೆ. ಶಾಲೆಯೂ ಹೋಯಿತು, ಮಾನವೂ ಹೋಯಿತು. ಟೀಚರಮ್ಮ ಕಾಲಿಗೆ ಚಪ್ಪಲಿ ಹುಡುಕುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಚಿಕ್ಕಪ್ಪ! ತಲೆ ಕೆದರಿತ್ತು, ಕಣ್ಣು ಕೆಂಪಗಿತ್ತು.

“ನೀವು ಯಾರು?” ಎಂದರು ಅಧಿಕಾರಿ.

“ಹದಿನಾಲ್ಕನೇ ನಂಬರಿನ ಚಿಕ್ಕಪ್ಪ, ಸಾರ್.”

ಟೀಚರಮ್ಮ ಉಸಿರು ಬಿಗಿಹಿಡಿದಳು. ಈ ಮನುಷ್ಯ ಸತ್ಯವಂತ. ಅಕ್ಕನ ಊರು ಎಂದು ಬಾಯಿ ಬಿಟ್ಟರೆ?

“ಮಗು ನಿನ್ನೆ ಶಾಲೆಗೆ ಬಂದಿತ್ತಾ?”

“ಬಂದಿತ್ತು ಸಾರ್. ನಾನೇ ಗೇಟಿನವರೆಗೆ ಬಿಟ್ಟು ಹೋದೆ. ಬೇಕಾದ್ರೆ ಬರೆದುಕೊಡ್ತೀನಿ.”

“ಇವತ್ತು ಯಾಕೆ ಬಂದಿಲ್ಲ?”

ಅವನು ತಲೆ ತಗ್ಗಿಸಿದ. “ಮನೇಲಿ ಒಂದು ತೊಂದರೆ ಆಗಿದೆ ಸಾರ್. ಟೀಚರ್ ಹತ್ರ ಹೇಳೋಣ ಅಂತಾನೇ ಬಂದೆ.”

ಹೋದ ಜೀವ ಬಂದಂತಾಯಿತು ಟೀಚರಮ್ಮನಿಗೆ. ಅಧಿಕಾರಿ ಒಂದು ಹಾಳೆ ಎಳೆದುಕೊಂಡು ಟೀಚರಮ್ಮನ ಹೇಳಿಕೆ ಬರೆದರು: ‘ಹದಿನಾಲ್ಕನೇ ನಂಬರಿನ ವಿದ್ಯಾರ್ಥಿನಿ ನಿನ್ನೆ ಬೆಳಗಿನಿಂದ ಸಂಜೆ ನಾಲ್ಕರವರೆಗೆ ಶಾಲೆಯಲ್ಲಿದ್ದಳು. ಇದನ್ನು ಕಣ್ಣಾರೆ ಕಂಡಿದ್ದೇನೆ.’ ಟೀಚರಮ್ಮ ಸಹಿ ಹಾಕಿದಳು, ಶಾಲೆಯ ಮೊಹರನ್ನೂ ಒತ್ತಿದಳು.

“ಸರಿ, ಇಪ್ಪತ್ತು. ಈ ವರ್ಷಕ್ಕೆ ಬಚಾವಾದಿರಿ” ಎಂದು ಅಧಿಕಾರಿ ಹಾಳೆಯನ್ನು ಚೀಲಕ್ಕೆ ಸೇರಿಸಿ ಹೊರಟರು.

ಅವರ ಬೈಕಿನ ಸದ್ದು ಅಡಗುವವರೆಗೂ ಟೀಚರಮ್ಮ ಕದಲಲಿಲ್ಲ. ಪುಟಾಣಿಗೆ ಬಹುಮಾನವೆಂದು ಇಡೀ ಸೀಮೆಸುಣ್ಣದ ಕಡ್ಡಿಯೊಂದನ್ನು ಕೊಟ್ಟು, ಮಕ್ಕಳನ್ನೆಲ್ಲ ಆಟಕ್ಕೆ ಅಟ್ಟಿದಳು. ಆಮೇಲೆ ಬಡಗಿಯ ಮುಂದೆ ಎರಡೂ ಕೈ ಜೋಡಿಸಿದಳು. ಕಣ್ಣಲ್ಲಿ ನೀರು ನಿಂತಿತ್ತು.

“ದೇವರು ಬಂದ ಹಾಗೆ ಬಂದ್ರಿ. ಈ ಋಣ ಯಾವ ಜನ್ಮಕ್ಕೆ ತೀರಿಸಲಿ? ಒಂದೇ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಮನುಷ್ಯನಿಗೆ ಅನುಮಾನ ಬಂದಿದೆ, ಮತ್ತೆ ಬರ್ತಾನೆ. ನಿಮ್ಮ ಅಕ್ಕನ ಊರಿಂದ ಮಗೂನ ನಾಲ್ಕು ದಿನಕ್ಕಾದರೂ ಕರ್ಕೊಂಡು ಬನ್ನಿ.”

ಬಡಗಿ ಅವಳನ್ನು ಮೊದಲ ಸಲ ನೇರವಾಗಿ ನೋಡಿದ.

“ನನಗೆ ಅಕ್ಕನೇ ಇಲ್ವಲ್ಲ ಟೀಚರ್, ನಿನ್ನೆ ಶಾಲೆಗೆ ಬಂದ ಮಗು ವಾಪಸ್ ಮನೆಗೇ ಬಂದಿಲ್ಲ ಅಂತ ಈಗಷ್ಟೇ ಪೊಲೀಸರಿಗೆ ದೂರು ಕೊಟ್ಟು ಬಂದೆ, ಕೊನೆಗೆ ನೋಡಿದ್ದು ನೀವೇ ಅಂತ ಬರೆಸಿದೀನಿ.”