ತಳ ಕಾಣುವ ತನಕ

ಸೊಸೆ ಈಜುಕೊಳದ ಕ್ಲೋರಿನ್ ಯಂತ್ರದ ತಗಡುಗಳನ್ನು ಬಕೆಟ್ಟಿನಿಂದ ಎತ್ತಿ ನಲ್ಲಿಯ ಕೆಳಗೆ ಹಿಡಿದಳು. ನೀರು ಬೆರೆಸಿದ ಆಸಿಡ್ಡಿನಲ್ಲಿ ನೆನೆದು, ಅವುಗಳ ಮೇಲೆ ಕಚ್ಚಿಕೊಂಡಿದ್ದ ಬಿಳಿ ಪದರ ಬಿಟ್ಟುಕೊಂಡಿತ್ತು. ಜಗಲಿಯ ಕುರ್ಚಿಯಲ್ಲಿ ಅತ್ತೆ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದರು. ಕಾಲು ತೋರಿಸಲು ಹೋದಾಗ ಕನ್ನಡಕ ಆಸ್ಪತ್ರೆಯಲ್ಲೇ ಮರೆತುಬಂದೆ ಎಂದ ಮೇಲೆ ಅವರು ಎಲ್ಲವನ್ನೂ ಕಣ್ಣು ಕಿರಿದು ಮಾಡಿಯೇ ನೋಡುತ್ತಿದ್ದರು. ಹಿತ್ತಲಿನ ಈಜುಕೊಳ, ಯಾರೋ ಹಸಿರು ಬಣ್ಣ ಕಲಸಿಟ್ಟ ಹಾಗೆ, ಎರಡನೆಯ ಮೆಟ್ಟಿಲನ್ನೂ ಕಾಣಗೊಡದೆ ಬಿದ್ದುಕೊಂಡಿತ್ತು.

“ನಾಲ್ಕು ಕಪ್ಪೆ ತಂದು ಬಿಟ್ರೆ ಹಾಡಾದ್ರೂ ಕೇಳಬಹುದು,” ಎನ್ನುತ್ತ ಗಂಡ ಮೋಟಾರು ಕೋಣೆಯಿಂದ ಹೊರಬಂದ. ಅಂಗಿಯ ತುಂಬ ಉಪ್ಪು. “ಇನ್ನೊಂದು ಮೂಟೆ ಸುರಿದೆ ಕಣೇ. ಅರ್ಧ ಅಲ್ಲೇ ಒಡೆದು ಚೆಲ್ಲಿಹೋಯ್ತು. ಉಪ್ಪು ಕಮ್ಮಿಯಾದ್ರೆ ಉಪ್ಪಿನಕಾಯಿಗೆ ಬೂಷ್ಟು ಹಿಡಿಯಲ್ವಾ? ಇದೂ ಹಾಗೇ.”

“ಉಪ್ಪು ಪಾಚಿನ ಏನೂ ಮಾಡಲ್ಲ ರೀ. ಆ ಉಪ್ಪಿಂದ ಈ ಯಂತ್ರ ಕ್ಲೋರಿನ್ ಮಾಡ್ಬೇಕು. ಮೋಟಾರು ಓಡಿದ್ರೆ ತಾನೆ ಅದು ಮಾಡೋದು?”

“ಓಡ್ತಾನೇ ಇದೆಯಲ್ಲ!”

ಅವಳ ತಲೆಗೂ ಹೊಳೆಯದ ಸಂಗತಿ ಅದೇ. ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೊರಡುವಾಗ ಓಡುತ್ತಿರುತ್ತದೆ, ಸಂಜೆ ಬಂದಾಗಲೂ ಓಡುತ್ತಿರುತ್ತದೆ.

“ಸೋಮವಾರ ಮಣ್ಣಿನ ಲಾರಿಗೆ ಹೇಳಿದ್ದೀನಿ. ಮುಚ್ಚಿ ಗುಲಾಬಿ ಹಾಕೋಣ.”

“ಮತ್ತೆ ಅತ್ತೆ ಮಂಡಿ?”

ಹೊಸ ಮಂಡಿ ಕೂರಿಸಿದ ಡಾಕ್ಟರು, ನೀರಿನಲ್ಲಿ ನಡೆದು ನಡೆದೇ ಕೋಲು ಬಿಡಬೇಕು, ತಡಮಾಡಿದರೆ ಕಾಲು ಬಿಗಿದುಕೊಳ್ಳುತ್ತದೆ ಎಂದಿದ್ದರು. ಅತ್ತೆ ಒಂದೇ ಒಂದು ದಿನ ಇಳಿದಿದ್ದರು. ಆಮೇಲೆ ನೀರು ಕೆಟ್ಟಿತು.

“ಗುಲಾಬಿ ಚೆನ್ನಾಗಿರುತ್ತೆ,” ಎಂದರು ಅತ್ತೆ, ಯಾರ ಮುಖವನ್ನೂ ನೋಡದೆ.

“ಭಾನುವಾರದ ತನಕ ಬಿಡಿ,” ಎಂದಳು ಸೊಸೆ. ಆ ಮನೆಯಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಗಂಡ ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಂಡ.

ಅವಳು ಹಟಕ್ಕೆ ಬಿದ್ದಳು. ಉದ್ದ ಹಿಡಿಯ ಬ್ರಷ್ಷಿನಿಂದ ಗೋಡೆ ಉಜ್ಜಿದಳು. ಫಿಲ್ಟರಿನೊಳಗೆ ನೀರನ್ನು ಹಿಮ್ಮುಖವಾಗಿ ಹರಿಸಿ, ಹೊರಬಂದ ಹಸಿರು ರಾಡಿಯನ್ನು ಚರಂಡಿಗೆ ಬಿಟ್ಟಳು. ಅಂಗಡಿಯಿಂದ ಕ್ಲೋರಿನ್ ತಂದು ಸುರಿದಳು. ಬೆಳಗಿನ ಹೊತ್ತಿಗೆ ಮೂರನೆಯ ಮೆಟ್ಟಿಲು ಮಸುಕಾಗಿ ಕಂಡಿತು. ಸಂಜೆ ಬಂದು ನೋಡಿದರೆ ಮತ್ತೆ ಅದೇ ಹಸಿರು.

“ಹೊಳೆಯಲ್ಲಿ ಹುಣಸೆಹಣ್ಣು ತೊಳೀತಿದ್ದೀಯ,” ಎಂದ ಗಂಡ.

ಮರುದಿನ ಅವಳು ಹೊಲಿಗೆ ಅಂಗಡಿಯಿಂದ ಮಧ್ಯಾಹ್ನವೇ ಹೊರಟುಬಂದಳು. ಗೇಟಿನಲ್ಲೇ ಅನುಮಾನವಾಯಿತು. ಹಿತ್ತಲು ಸದ್ದಿಲ್ಲದೆ ಮಲಗಿತ್ತು. ಮೋಟಾರಿನ ಬೆನ್ನಿನ ಮೇಲೆ ಕೈಯಿಟ್ಟಳು. ಸುಡಬೇಕಾದ ಹೊತ್ತಿನಲ್ಲಿ ತಣ್ಣಗಿತ್ತು. ಸ್ವಿಚ್ಚು ಆಫ್ ಆಗಿತ್ತು. ಚೆಲ್ಲಿದ ಉಪ್ಪನ್ನು ಗಂಡ ಗುಡಿಸಿರಲಿಲ್ಲ. ಅದರ ಮೇಲೆ ಬಾಗಿಲಿನಿಂದ ಸ್ವಿಚ್ಚಿನವರೆಗೆ ಒಂದು ಜೊತೆ ಚಪ್ಪಲಿಯ ಗುರುತು, ಪಕ್ಕದಲ್ಲೇ ಊರುಗೋಲಿನ ರಬ್ಬರ್ ತುದಿಯ ದುಂಡನೆಯ ಗುರುತುಗಳು. ಹೋಗಿದ್ದಕ್ಕೂ ಇದ್ದವು, ಬಂದಿದ್ದಕ್ಕೂ ಇದ್ದವು, ಒಂದಲ್ಲ, ಹಲವು ಸಲ.

ಅವಳು ಸ್ವಿಚ್ಚು ಹಾಕಿದಳು. ಜಗಲಿಯಲ್ಲಿ ಅತ್ತೆ ಬೆಚ್ಚಿ ತಲೆಯೆತ್ತಿದರು. ಸೊಸೆ ಏನೂ ಕೇಳಲಿಲ್ಲ. ಒಳಗಿನಿಂದ ತನ್ನ ಹೊಲಿಗೆ ಯಂತ್ರವನ್ನು ಎಳೆದು ತಂದು ಮೋಟಾರು ಕೋಣೆಯ ಬಾಗಿಲಿಗೆ ಅಡ್ಡ ಇಟ್ಟುಕೊಂಡು ಕೂತಳು.

“ಅಂಗಡಿಗೆ ಹೋಗಲ್ವೇನಮ್ಮ?”

“ಭಾನುವಾರದ ತನಕ ಇಲ್ಲೇ ಹೊಲೀತೀನಿ ಅತ್ತೆ.”

ಅತ್ತೆ ಕೋಲಿನ ತುದಿಯಿಂದ ನೆಲ ಕೆರೆದರು.

ಹಸಿರು ಮೊದಲು ಬೂದಿಯ ಬಣ್ಣಕ್ಕೆ ತಿರುಗಿತು, ಆಮೇಲೆ ಹಾಲಿನ ಹಾಗಾಯಿತು. ಅವಳು ಫಿಲ್ಟರು ತೊಳೆದಳು, ಹೊಲಿದಳು, ಮತ್ತೆ ತೊಳೆದಳು. ಭಾನುವಾರ ಬೆಳಿಗ್ಗೆ ಬಿಸಿಲು ಬಿದ್ದಾಗ ಕೊಳದ ತಳ ಅಂಗೈಯಷ್ಟು ಸ್ಪಷ್ಟವಾಗಿತ್ತು.

“ಗೆದ್ದೆ ಬಿಡು ಮಾರಾಯ್ತಿ!” ಎಂದು ಬಗ್ಗಿದ ಗಂಡ ಹಾಗೇ ನಿಂತ. ಬ್ರಷ್ಷಿಗೆ ಸಿಗದ ಮೂಲೆಯಲ್ಲಿ, ಏಣಿಯ ಹಿಂದೆ, ಏನೋ ಹೊಳೆಯುತ್ತಿತ್ತು. ಎಲೆ ಹಿಡಿಯುವ ಬಲೆಯಿಂದ ಎತ್ತಿದ. ಕನ್ನಡಕ. “ಅಮ್ಮ, ಇದು ನಿಂದಲ್ವಾ? ಆಸ್ಪತ್ರೇಲಿ ಮರೆತೆ ಅಂದಿದ್ದೆ?”

ಅತ್ತೆ ಕಣ್ಣು ಕಿರಿದು ಮಾಡಿ ಕನ್ನಡಕವನ್ನು ನೋಡಿದರು.

“ಅವತ್ತು ಕಾಲು ಜಾರ್ತು. ತಲೆ ಮುಳುಗ್ತು. ನೀವಿಬ್ರೂ ಒಳಗೆ ಏನಕ್ಕೋ ನಗ್ತಾ ಇದ್ರಿ, ನಾನು ಕೂಗಿದ್ದು ಕೇಳಿಸ್ಲಿಲ್ಲ. ಹೇಗೋ ಏಣಿ ಸಿಕ್ತು.” ಮಗನ ಕಡೆ ತಿರುಗಿದರು. “ಹೆದರಿಕೆ ಅಂದ್ರೆ ನೀನು ಆಡಿಕೊಂಡು ನಗ್ತೀಯ ಕಣೋ. ನೀರು ಕೆಟ್ಟಿದೆ ಅಂದ್ರೆ ಯಾರೂ ನಗಲ್ಲ.”

ಮಗ ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸಿದ, ಒರೆಸುತ್ತಲೇ ಇದ್ದ.

ಸೊಸೆ ಚಪ್ಪಲಿ ಬಿಟ್ಟು, ಉಟ್ಟ ಬಟ್ಟೆಯಲ್ಲೇ ಮೆಟ್ಟಿಲಿಳಿದಳು. ಸೊಂಟದವರೆಗೆ ನೀರು ಬಂದಾಗ ನಿಂತು ಹಿಂದಕ್ಕೆ ತಿರುಗಿದಳು. ತಳದಲ್ಲಿ ಅವಳ ಹತ್ತು ಬೆರಳೂ ಕಾಣುತ್ತಿದ್ದವು. ಎರಡೂ ಕೈ ಮುಂದಕ್ಕೆ ಚಾಚಿದಳು.

“ಕೈ ಕೊಡಿ ಅತ್ತೆ.”

ಮೋಟಾರು ಓಡುತ್ತಿತ್ತು. ಊರುಗೋಲಿನ ರಬ್ಬರ್ ತುದಿ ಕೊಳದ ಅಂಚಿನವರೆಗೆ ಬಂದು, ಅಲ್ಲೇ ಒತ್ತಿ ನಿಂತಿತು.