ಗುಮ್ಮನಗುಸಕ

ಕಟಿಂಗ್ ಮಾಡುವ ಇಬ್ಬರ ಮುಂದೆಯೂ ಒಂದೊಂದು ಬಟ್ಟೆ, ಒಂದೊಂದು ಅಳತೆ ಚೀಟಿ ಇಟ್ಟು ಟೈಲರ್ ಮಾಸ್ತರರು, ಮೂರು ಸಲ ತಪ್ಪಿದ ದಾರವನ್ನು ಮತ್ತೆ ಸೂಜಿಗೆ ಪೋಣಿಸುತ್ತಾ ಓರೆಗಣ್ಣಲ್ಲಿ ಕಾದರು. ಚೀಟಿಗಳಲ್ಲಿ ಬೇಕೆಂದೇ ಎಡತೋಳನ್ನು ಎರಡಿಂಚು ಗಿಡ್ಡ ಬರೆದಿದ್ದರು. ಹೋದ ವಾರ ತೋಳು ಗಿಡ್ಡವಾಗಿ ಒಂದು ಕೋಟು ಹಾಳಾಗಿತ್ತು. ಕತ್ತರಿಸಿದ್ದು ಯಾರೆಂದು ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಇಬ್ಬರೂ ಮಾತು ಕಮ್ಮಿಯವರೇ. ಆದರೆ ಒಬ್ಬನದು ಬರೀ ಸಂಕೋಚ, ಇನ್ನೊಬ್ಬ ಗುಮ್ಮನಗುಸಕ. ತಪ್ಪು ಕಂಡರೂ ಹೇಳದವನೇ ಅವನು; ಯಾರೆಂದು ತಿಳಿದರೆ ಸಾಕು, ನಾಳೆಯಿಂದ ಅವನಿಗೆ ಕೆಲಸವಿಲ್ಲ.

ಇಬ್ಬರಲ್ಲಿ ಮೀಸೆಯವನು ಕಿವಿ ಕೆಂಪಗೆ ಮಾಡಿಕೊಂಡು ಎದ್ದು ಬಂದ. "ತಪ್ಪು ತಿಳ್ಕೋಬೇಡಿ ಮಾಸ್ಟ್ರೇ, ಒಂದು ತೋಳು ಗಿಡ್ಡ ಬರ್ದಿದೀರ."

ಕನ್ನಡಕದವನು ಜಾಗ ಬಿಟ್ಟು ಏಳಲಿಲ್ಲ. ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಏನೋ ಗೀಚಿ, ಸೀಮೆಸುಣ್ಣದಲ್ಲಿ ಎರಡೂ ತೋಳನ್ನು ಸಮನಾಗಿ ಗುರುತಿಸಿ, ಅತ್ತಿತ್ತ ನೋಡಿ, ಚೀಟಿಯನ್ನು ಜೇಬಿಗಿಳಿಸಿದ.

"ಕಳ್ಳನ ಮನಸ್ಸು ಹುಳ್ಳಗೆ! ತೆಗಿಯೋ, ಜೇಬಲ್ಲಿರೋದನ್ನ ತೆಗಿ!" ಎಂದು ಗದರಿದರು ಮಾಸ್ತರರು.

ಹೊರಬಂದದ್ದು ಒಂದು ಕಟ್ಟು ಚೀಟಿ. ಎಲ್ಲವೂ ಮಾಸ್ತರರದೇ ಕೈಬರಹ. ಒಂದೊಂದರಲ್ಲೂ ಒಂದು ತಪ್ಪು ಅಂಕಿ, ಪಕ್ಕದಲ್ಲಿ ಪೆನ್ಸಿಲ್ಲಿನ ಸಣ್ಣ ತಿದ್ದುಪಡಿ. ಹೋದ ವಾರದ ಕೋಟಿನ ಚೀಟಿಯಲ್ಲಿ ತಪ್ಪು ಹಾಗೇ ಇತ್ತು, ತಿದ್ದುಪಡಿ ಮಾತ್ರ ಇರಲಿಲ್ಲ.

"ಅದೊಂದು ನನ್ನ ಕಣ್ಣಿಗೆ ಬೀಳ್ಲಿಲ್ಲ ಮಾಸ್ಟ್ರೇ," ಎಂದ ಕನ್ನಡಕದವನು, ತಲೆ ತಗ್ಗಿಸಿ.