ಗುಣವರ್ಣನೆ

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ನಾಳೆ ಕೋರ್ಟಲ್ಲಿ ನಿಜ ಹೇಳಿ," ಎಂದು ತವರಿನಿಂದ ಬಂದ ಸೊಸೆ ಅಂಗಲಾಚಿದಳು.

ನಿವೃತ್ತ ಇಂಗ್ಲಿಷ್ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ನನ್ನ ಮಗನನ್ನ ಸಾಧು ಅಂತಲೇ ಕ್ಯಾರೆಕ್ಟರೈಸ್ ಮಾಡ್ತೀನಿ. ಹಾಗಂದ್ರೆ ಒಬ್ಬರ ಗುಣ ವರ್ಣಿಸೋದು. ಗ್ರೀಕರು ಮುದ್ರೆ ಒತ್ತೋ ಸಾಧನಕ್ಕೆ ಇಟ್ಟಿದ್ದ ಹೆಸರಿಂದ ಬಂದ ಪದ ಅದು."

ಅವಳು ರವಿಕೆಯ ತೋಳು ಮೇಲೆತ್ತಿದಳು. ಇಸ್ತ್ರಿಪೆಟ್ಟಿಗೆಯ ಚೂಪು ತುದಿ ಅಲ್ಲಿ ಕೆಂಪಗೆ ಮೂಡಿತ್ತು. "ಇದನ್ನ ಒತ್ತಿದ್ದು ನಿಮ್ಮ ಮಗ."

"ನೀನೇ ಸುಟ್ಕೊಂಡಿರ್ತೀಯ! ನಮ್ಮ ಮನೆ ಗಂಡಸರು ಹೆಂಗಸರ ಮೇಲೆ ಕೈ ಮಾಡಿದೋರಲ್ಲ. ಬೇಕಾದ್ರೆ ನಿಮ್ಮತ್ತೇನ ಕೇಳು."

ಕಾಫಿ ತಂದ ಅತ್ತೆ ಲೋಟ ಕೆಳಗಿಟ್ಟು, ಸೊಸೆಯ ಪಕ್ಕ ಬಂದು ನಿಂತು, ಸದಾ ಹೊದ್ದಿರುತ್ತಿದ್ದ ಸೆರಗನ್ನು ಸರಿಸಿದರು. ಅವರ ತೋಳಿನಲ್ಲಿ ಹಳೆಯ ಬರೆಯಿತ್ತು.